ಬ್ಯಾಸ್ಕಮ್‌ನನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಬೇಡಿ

ಮನರಂಜನಾ ಉದ್ಯಾನದ ಅಧ್ಯಕ್ಷರೇ,

ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಭಾನುವಾರ ನಮ್ಮ ಬ್ಯಾಸ್ಕಮ್‌ನನ್ನು ಹೆಬ್ಬಾಗಿಲ ಬಳಿ ಗಾಜಿನ ಪೆಟ್ಟಿಗೆಯೊಳಗೆ ಅಂಗಾತ ಮಲಗಿಸಿ, ತಲೆಯ ಮೇಲೊಂದು ದೀಪ, ಕಾಲ ಕೆಳಗೊಂದು ಹಿತ್ತಾಳೆಯ ಫಲಕ ಹಾಕಿ, ‘ಪ್ರೀತಿಯ ನೆನಪಿಗೆ’ ಎಂದು ಬರೆಸುವುದಾಗಿ ತಾವು ಪತ್ರಿಕೆಗಳಲ್ಲಿ ಪ್ರಕಟಿಸಿದ್ದೀರಿ. ಮಲಗಿಸಬೇಡಿ. ನಾನು ಹೇಳಬೇಕಾದ ಮಾತು ಅದೊಂದೇ. ಆ ಮಾತು ಹೇಳುವ ಯೋಗ್ಯತೆ ನನಗಿಲ್ಲ, ಆದರೂ ಯಾಕೆ ಹೇಳುತ್ತಿದ್ದೇನೆ ಎಂಬುದಕ್ಕೆ ಉಳಿದ ಪತ್ರ.

ತಾವು ಫ್ಲೋರಿಡಾಕ್ಕೆ ಹೊಸಬರು. ಹೋಟೆಲುಗಳನ್ನು ನಡೆಸಿ ಬಂದವರು ಎಂದು ಕೇಳಿದ್ದೇನೆ. ಹೀಗಾಗಿ ಬ್ಯಾಸ್ಕಮ್ ಯಾರು ಎಂದು ತಮಗೆ ಯಾರೂ ಸರಿಯಾಗಿ ಹೇಳಿರಲಿಕ್ಕಿಲ್ಲ. ಹೇಳಿದ್ದರೂ ಅಂಕಿಅಂಶಗಳಲ್ಲಿ ಹೇಳಿರುತ್ತಾರೆ. ಬ್ಯಾಸ್ಕಮ್ ಒಂದು ಪಾಸಮ್. ನಮ್ಮ ಕಸದ ಡಬ್ಬಗಳನ್ನು ಉರುಳಿಸಿ ಹೋಗುವ, ಮೂತಿ ಚೂಪಾದ, ಬೋಳು ಬಾಲದ ಪ್ರಾಣಿ. ಹೆದರಿಸಿದರೆ ಸತ್ತಂತೆ ಬಿದ್ದುಬಿಡುತ್ತದೆ, ಅಪಾಯ ಕಳೆದ ಮೇಲೆ ಎದ್ದು ತನ್ನ ಪಾಡಿಗೆ ಹೋಗುತ್ತದೆ. ಅದನ್ನು ಹಿಡಿದು ಯಾರೋ ಪುಣ್ಯಾತ್ಮರು ನಮ್ಮ ಅಜ್ಜಿಯರ ಕಾಲದಲ್ಲಿ ಕಾರ್ಟೂನ್ ಮಾಡಿದರು. ಶನಿವಾರ ಬೆಳಿಗ್ಗೆ ಬಟ್ಟಲಲ್ಲಿ ಕಾರ್ನ್‌ಫ್ಲೇಕ್ಸ್ ಮೆತ್ತಗಾಗುವವರೆಗೂ ಟೀವಿ ಮುಂದೆ ಕೂತು ಅದನ್ನು ನೋಡಿದವಳು ನಾನು. ದೊಡ್ಡವಳಾಗಿ, ಗಂಡನನ್ನು ಕಳೆದುಕೊಂಡು, ಕೆಲಸ ಹುಡುಕುತ್ತ ಬಂದಾಗ ತಮ್ಮ ಉದ್ಯಾನ ನನ್ನನ್ನು ಅದೇ ಬ್ಯಾಸ್ಕಮ್‌ನ ವೇಷ ತೊಟ್ಟು ಅಂಗಳದಲ್ಲಿ ಮಕ್ಕಳೊಡನೆ ಆಡುವವರ ಪಕ್ಕದಲ್ಲಿ ನಿಲ್ಲಿಸಿತು. ವೇಷ ತೊಟ್ಟವರು ಮಾತಾಡುವಂತಿಲ್ಲ. ಹಾಗಾಗಿ ಅವನ ಬಾಯಿ, ಅವನ ಕಣ್ಣು, ಅವನ ಕಾವಲು ಎಲ್ಲವೂ ನಾನೇ. ಸಿಬ್ಬಂದಿಯ ನಡುವೆ ಈ ಕೆಲಸಕ್ಕೆ ‘ಪಕ್ಕದವಳು’ ಎನ್ನುತ್ತಾರೆ.

ತಮ್ಮ ಪ್ರಕಟಣೆಯಲ್ಲಿ ಒಂದು ವಾಕ್ಯವಿದೆ: ‘ದೀರ್ಘಕಾಲ ಸೇವೆ ಸಲ್ಲಿಸಿದ ನಮ್ಮ ಸಿಬ್ಬಂದಿಯೇ ಒಪ್ಪಿಕೊಳ್ಳುವಂತೆ, ಇಂದಿನ ಮಕ್ಕಳಿಗೆ ಬ್ಯಾಸ್ಕಮ್ ಯಾರೆಂಬುದೇ ತಿಳಿದಿಲ್ಲ.’ ಆ ಸಿಬ್ಬಂದಿ ನಾನು. ಆ ಮಾತು ನನ್ನದು. ತಾವು ಒಂದಕ್ಷರವನ್ನೂ ತಿರುಚಿಲ್ಲ, ಅದಕ್ಕಾಗಿ ತಮ್ಮನ್ನು ದೂರಲಾರೆ. ನಾನು ಯಾಕೆ ಹಾಗೆ ಅಂದೆ ಎಂದು ಮಾತ್ರ ತಾವು ಕೇಳಲಿಲ್ಲ. ಬೇಕಾದ ಮಾತು ಬೇಕಾದ ಹೊತ್ತಿಗೆ ಸಿಕ್ಕಾಗ ಯಾರು ತಾನೇ ಕೇಳುತ್ತಾರೆ?

ಮೊದಲು ತಮ್ಮ ಸಮೀಕ್ಷೆಯ ಬಗ್ಗೆ ಎರಡು ಮಾತು. ಜುಲೈ ಬಿಸಿಲಲ್ಲಿ, ಟಿಕೆಟ್ ತೋರಿಸಿ ಒಳಗೆ ನುಗ್ಗಲು ತವಕಿಸುತ್ತಿರುವ ಮಕ್ಕಳನ್ನು ಹೆಬ್ಬಾಗಿಲಲ್ಲಿ ತಡೆದು, ಪರದೆಯ ಮೇಲೆ ಬ್ಯಾಸ್ಕಮ್‌ನ ಹಳೆಯ ಚಿತ್ರ ತೋರಿಸಿ, ‘ಈ ಕಾರ್ಟೂನ್ ನೋಡಿದ್ದೀಯಾ?’ ಎಂದು ತಮ್ಮವರು ಕೇಳಿದರು. ಮಕ್ಕಳು ಇಲ್ಲ ಅಂದರು. ಅಪ್ಪಂದಿರು ಬೇಗ ಬೇಗ ಅಂದರು. ತಮಗೆ ಉತ್ತರ ಸಿಕ್ಕಿತು. ಕಾರ್ಟೂನ್ ನೋಡದ ಮಗುವಿಗೆ ಬ್ಯಾಸ್ಕಮ್ ಬೇಡ, ಬ್ಯಾಸ್ಕಮ್ ಬೇಡವಾದ ಮೇಲೆ ಅವನ ಅಂಗಳ ಬೇಡ, ಅಂಗಳ ಬೇಡವಾದ ಮೇಲೆ ಅಲ್ಲಿ ಮಕ್ಕಳು ಕಣ್ಣಿಗೆ ವಿ.ಆರ್. ಕನ್ನಡಕ ಕಟ್ಟಿಕೊಂಡು ಅಲುಗಾಡುವ ಕುರ್ಚಿಯಲ್ಲಿ ಕೂರುವ ಹೊಸ ಚಿತ್ರಮಂದಿರ ಬೇಕು. ಲೆಕ್ಕ ಎಷ್ಟು ಚೊಕ್ಕ. ನಮ್ಮಜ್ಜಿಯ ಬಾಲ್ಯದ ಫೋಟೊ ತೋರಿಸಿ ‘ಇವರು ಗೊತ್ತಾ?’ ಎಂದು ನನ್ನನ್ನು ಕೇಳಿದ್ದರೆ ನಾನೂ ಗೊತ್ತಿಲ್ಲ ಅನ್ನುತ್ತಿದ್ದೆ. ಅವಳ ಮಡಿಲು ನನಗೆ ಗೊತ್ತಿರಲಿಲ್ಲ ಅಂತಲೇ ಅದರ ಅರ್ಥ?

ಸುಳ್ಳು ಹೇಳಲಾರೆ. ಬ್ಯಾಸ್ಕಮ್‌ನ ಮುಂದೆ ಫೋನ್ ನೋಡುತ್ತ ನಿಲ್ಲುವ ಮಕ್ಕಳಿದ್ದಾರೆ. ಬಾಲ ಜಗ್ಗಿ ಓಡುವ ತುಂಟರಿದ್ದಾರೆ. ‘ಒಳಗಿರೋದು ಗಂಡಸಾ ಹೆಂಗಸಾ?’ ಎಂದು ನನ್ನ ಕಿವಿಯಲ್ಲಿ ಕೇಳಿ ಬೀಗುವ ಜಾಣರಿದ್ದಾರೆ. ಅವನ ಬೂದು ಮೂತಿ ಕಂಡ ಕೂಡಲೇ ಕಿರುಚಿ ಅಮ್ಮನ ಸ್ಕರ್ಟಿನೊಳಗೆ ಸೇರಿಕೊಳ್ಳುವ ಎಳೆಯರೂ ಇದ್ದಾರೆ. ಇವರನ್ನೆಲ್ಲ ದಿನವೂ ನೋಡಿ ನೋಡಿ ನನಗೂ ಬೇಸರ ಬಂದಿತ್ತು. ‘ಇದೆಲ್ಲ ಯಾರಿಗೆ ಬೇಕು’ ಎಂದು ಊಟದ ಕೋಣೆಯಲ್ಲಿ ಎಷ್ಟು ಸಲ ಅಂದಿಲ್ಲ ನಾನು? ತಮಗಿಂತ ಮೊದಲು ಬ್ಯಾಸ್ಕಮ್‌ನನ್ನು ಕೈಬಿಟ್ಟವಳು ನಾನೇ ಇರಬೇಕು.

ಈಗ ನಡೆದದ್ದನ್ನು ಹೇಳುತ್ತೇನೆ. ಬ್ಯಾಸ್ಕಮ್‌ನ ಅಂಗಳದಲ್ಲಿ ಆಟ ಯಾವಾಗಲೂ ಒಂದೇ. ಮಗು ಎದುರು ನಿಂತು ‘ಬೂ’ ಎಂದು ಕೂಗುತ್ತದೆ. ಬ್ಯಾಸ್ಕಮ್ ತೂರಾಡಿ, ಬಾಲವನ್ನು ಎದೆಗೆ ಅವುಚಿಕೊಂಡು, ಅಂಗಾತ ಬೀಳುತ್ತಾನೆ. ಮಗು ಅವನ ಅಂಗಾಲಿಗೆ ಕಚಗುಳಿ ಇಟ್ಟರೆ ಒಂದು ಕಾಲು ನಡುಗುತ್ತದೆ, ಆಮೇಲೆ ಇನ್ನೊಂದು. ಎದ್ದು ಕೂತು ಮಗುವನ್ನು ಅಪ್ಪಿಕೊಳ್ಳುತ್ತಾನೆ. ಮಗು ಕೈ ಬಿಡುವವರೆಗೆ ಅವನು ಬಿಡುವಂತಿಲ್ಲ. ಇದು ನಿಯಮ. ಮಕ್ಕಳ ಕಣ್ಣೆದುರು ವೇಷದ ತಲೆ ಕಳಚುವಂತಿಲ್ಲ, ಆಕಾಶವೇ ಕಳಚಿ ಬಿದ್ದರೂ. ಇದೂ ನಿಯಮ. ಒಳಗೆ ಸೆಕೆ ತಡೆಯಲಾಗದಿದ್ದರೆ ಬ್ಯಾಸ್ಕಮ್ ತನ್ನ ಎರಡೂ ಕಿವಿ ಹಿಡಿದು ಕೆಳಕ್ಕೆ ಎಳೆಯಬೇಕು. ಪಕ್ಕದವಳು ಆ ಕ್ಷಣವೇ ‘ಬ್ಯಾಸ್ಕಮ್‌ಗೆ ನಿದ್ದೆ ಬಂತು’ ಎಂದು ಸಾಲು ನಿಲ್ಲಿಸಿ, ಅಂಗಳದ ಹಿಂದಿರುವ ಸಿಬ್ಬಂದಿಯ ಹಸಿರು ಬಾಗಿಲೊಳಗೆ ಕರೆದೊಯ್ಯಬೇಕು. ಇದು ಎಲ್ಲಕ್ಕಿಂತ ದೊಡ್ಡ ನಿಯಮ, ಮತ್ತು ಇದನ್ನು ಕಾಯಬೇಕಾದವಳು ನಾನು.

ಆಗಸ್ಟ್‌ನ ಆ ಮಧ್ಯಾಹ್ನ ವೇಷದೊಳಗೆ ಯಡೀರಾ ಕಿನ್ಯೋನೆಸ್ ಇದ್ದಳು. ಪೋರ್ಟೊ ರಿಕೊದಿಂದ ಬಂದವಳು, ಗಿಡ್ಡ ಆಳು, ಬೀಳುವುದರಲ್ಲಿ ಅವಳನ್ನು ಮೀರಿಸಿದವರು ಆ ಅಂಗಳದಲ್ಲಿ ಬಂದೇ ಇಲ್ಲ. ಸಾಲು ಅರ್ಧಕ್ಕೆ ನಿಲ್ಲಿಸಿದ್ದಕ್ಕೆ ಅತಿಥಿಗಳಿಂದ ದೂರು ಬಂದಿದೆ ಎಂದು ಅಂದು ಬೆಳಿಗ್ಗೆಯಷ್ಟೇ ಮೇಲ್ವಿಚಾರಕರು ನನಗೆ ಚೆನ್ನಾಗಿ ಬೈದಿದ್ದರು. ಸಾಲಿನ ಮುಂದೆ ಕೋರಲೀ ನಿಂತಿದ್ದಳು. ಐದು ವರ್ಷದ ಹುಡುಗಿ, ತಾಯಿ ಡೆನೀಸ್ ನಮ್ಮ ಜಿಲ್ಲೆಯ ಶಾಲಾ ಬಸ್ಸಿನ ಡ್ರೈವರು. ಹಿಂದಿನ ವಾರ ಅವಳ ಸರದಿ ಬರುವಷ್ಟರಲ್ಲಿ ಸಾಲು ಮುಗಿಸಿದವಳು ನಾನೇ. ಆಗ ಅತ್ತಿರಲಿಲ್ಲ, ‘ಪರವಾಗಿಲ್ಲ ಮಿಸ್ ಲೊರೆಟ್ಟಾ, ಅವನು ಮಲಗ್ಲಿ’ ಎಂದು ನನಗೇ ಸಮಾಧಾನ ಹೇಳಿ ಹೋಗಿದ್ದಳು.

ಯಡೀರಾ ಕಿವಿ ಎಳೆದಳು. ನಾನು ನೋಡಿದೆ. ನೋಡಲಿಲ್ಲ ಎಂದು ವಿಚಾರಣೆಯಲ್ಲಿ ಹೇಳಿದ್ದೆ, ನೋಡಿದ್ದೆ. ಅವಳ ಹತ್ತಿರ ಹೋಗಿ ಬ್ಯಾಸ್ಕಮ್‌ನ ಕಿವಿಯಲ್ಲಿ ಪಿಸುಗುಟ್ಟಿದೆ: ‘ಇವಳೊಬ್ಬಳೇ ಕಣೆ. ಹೋದ ವಾರ ವಾಪಸ್ ಕಳಿಸಿದ್ವಿ ಪಾಪ. ಒಬ್ಬಳೇ.’ ಅವಳು ಮಾತಾಡುವಂತಿರಲಿಲ್ಲ. ಮತ್ತೊಮ್ಮೆ ಕಿವಿ ಎಳೆದಳು. ಸಾಲಿನವರು ಅದನ್ನು ಆಟವೆಂದು ನಕ್ಕರು. ನಾನೂ ಅವರ ಜೊತೆ ನಕ್ಕು, ‘ಬಾ ಪುಟ್ಟಿ’ ಎಂದು ಹಗ್ಗ ಸರಿಸಿದೆ.

ಕೋರಲೀ ಎರಡೂ ಕೈ ಮೇಲೆತ್ತಿ, ಮೈಯಲ್ಲಿದ್ದ ದನಿಯನ್ನೆಲ್ಲ ಹಾಕಿ ‘ಬೂ’ ಎಂದಳು. ಬ್ಯಾಸ್ಕಮ್ ಬಿದ್ದ. ತೂರಾಡಲಿಲ್ಲ, ಮಗ್ಗುಲಾಗಿ ದೊಪ್ಪನೆ ಬಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ದಿನವೂ ಹೇಳುವ ಮಾತನ್ನೇ ಹೇಳಿದೆ: ‘ಅಯ್ಯಯ್ಯೋ, ಸತ್ತೇ ಹೋದನಲ್ಲ ನಮ್ಮ ಬ್ಯಾಸ್ಕಮ್. ಎಂಥಾ ಧೈರ್ಯವಂತೆ ನೀನು. ಕಚಗುಳಿ ಇಡು, ಎದ್ದುಬಿಡ್ತಾನೆ.’ ಅವಳು ಮಂಡಿಯೂರಿ ಕಚಗುಳಿ ಇಟ್ಟಳು. ಕಾಲು ನಡುಗಲಿಲ್ಲ. ‘ಇನ್ನೂ ಜೋರಾಗಿ’ ಅಂದೆ ನಾನು. ‘ಇವತ್ತು ಸೋಮಾರಿ ಆಗಿದ್ದಾನೆ. ಆ ಕಾಲಿಗೂ ಇಡು.’ ಅವಳು ಆ ಕಾಲಿಗೂ ಇಟ್ಟಳು. ಆಮೇಲೆ ತಲೆಯೆತ್ತಿ ನನ್ನನ್ನೇ ನೋಡಿದಳು.

‘ಮಿಸ್ ಲೊರೆಟ್ಟಾ, ಬಾಲ ಹಿಡ್ಕೊಂಡಿಲ್ಲ ಇವನು.’

ಸಾಲಿನಲ್ಲಿ ಅಷ್ಟು ದೊಡ್ಡವರಿದ್ದರು, ಸಮವಸ್ತ್ರ ತೊಟ್ಟ ನಾನಿದ್ದೆ, ಬಾಲವನ್ನು ನೋಡಿದವಳು ಅವಳೊಬ್ಬಳು. ಬ್ಯಾಸ್ಕಮ್‌ನ ಕಾರ್ಟೂನನ್ನು ಒಂದು ದಿನವೂ ನೋಡದ, ತಮ್ಮ ಸಮೀಕ್ಷೆಯಲ್ಲಿ ‘ತಿಳಿದಿಲ್ಲ’ ಎಂಬ ಗುಂಪಿಗೆ ಸೇರುವ ಮಗು ಅದು. ಅವಳು ಹೇಳಿದ್ದರಿಂದ ಯಡೀರಾ ಇಂದು ಬದುಕಿದ್ದಾಳೆ. ಆದರೂ ನಾನು ತಲೆ ಕಳಚಲಿಲ್ಲ. ಮಕ್ಕಳು ನೋಡುತ್ತಿದ್ದರಲ್ಲ. ಪಾಪ್‌ಕಾರ್ನ್ ಗಾಡಿಯವನನ್ನು ಕೂಗಿ ಕರೆದು, ಇಬ್ಬರೂ ಸೇರಿ, ಆ ದೊಡ್ಡ ತಲೆಯ ಸಮೇತ ಅವಳನ್ನು ಹಸಿರು ಬಾಗಿಲವರೆಗೆ ಎಳೆದುಕೊಂಡು ಹೋದೆವು. ಹೋಗುತ್ತ ನಾನು ಜನರತ್ತ ತಿರುಗಿ ‘ಬ್ಯಾಸ್ಕಮ್‌ಗೆ ನಿದ್ದೆ ಬಂತು’ ಅಂದೆ. ಅಭ್ಯಾಸಬಲ. ಬಾಗಿಲು ಹಾಕಿ ತಲೆ ಕಳಚಿದಾಗ ಯಡೀರಾಳ ಮುಖದಲ್ಲಿ ಬೆವರೇ ಇರಲಿಲ್ಲ, ಒಣಗಿ ಕೆಂಡವಾಗಿತ್ತು. ಆ ಮುಖ ನನ್ನ ಕಣ್ಣಿನಿಂದ ಹೋಗುವುದಿಲ್ಲ, ಹೋಗಲೂಬಾರದು.

ಸೆಕೆಯ ಹೊಡೆತಕ್ಕೆ ಅವಳು ವಾರಗಟ್ಟಲೆ ಆಸ್ಪತ್ರೆಯಲ್ಲಿದ್ದಳು. ವಿಚಾರಣೆಗೆ ಬಂದ ತಮ್ಮ ಕಚೇರಿಯವರು ‘ಬಿದ್ದದ್ದು ನಿಜವೆಂದು ಬೇಗ ಯಾಕೆ ತಿಳಿಯಲಿಲ್ಲ?’ ಎಂದು ಕೇಳಿದರು. ನಾನು ನನ್ನ ಚರ್ಮ ಉಳಿಸಿಕೊಂಡೆ. ‘ಈಗಿನ ಮಕ್ಕಳಿಗೆ ಬ್ಯಾಸ್ಕಮ್ ಯಾರು ಅಂತಾನೇ ಗೊತ್ತಿಲ್ಲ ಸ್ವಾಮಿ. ಯಾರೂ ಸರಿಯಾಗಿ ನೋಡಲ್ಲ, ಬರೀ ಫೋಟೊ ತೆಗಿತಾರೆ. ನಾನೊಬ್ಬಳೇ ಎಷ್ಟು ಕಡೆ ಅಂತ ನೋಡ್ಲಿ?’ ಅಂದೆ. ನೋಡಿದ ಮಗುವಿನ ಮೇಲೆಯೇ ನೋಡಲಿಲ್ಲವೆಂಬ ಗೂಬೆ ಕೂರಿಸಿದೆ. ಆ ಮಾತು ತಮಗೆ ಹಬ್ಬದೂಟವಾಯಿತು, ಪ್ರಕಟಣೆಯಾಯಿತು, ಈಗ ಗಾಜಿನ ಪೆಟ್ಟಿಗೆಯಾಗುತ್ತಿದೆ. ಅದನ್ನು ನಾನು ಇಲ್ಲಿ, ಎಲ್ಲರೆದುರು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಕೆಲಸ ಹೋದರೆ ಹೋಗಲಿ.

ಯಡೀರಾ ಬಿದ್ದ ಮರುದಿನವೇ ಅಂಗಳಕ್ಕೆ ಹಲಗೆ ಹೊಡೆಸಿದಿರಿ. ಸುರಕ್ಷತೆಯ ಕಾರಣ ಎಂದಿರಿ. ಒಪ್ಪುತ್ತೇನೆ, ಆ ಬಿಸಿಲಲ್ಲಿ ಯಾರನ್ನೂ ಆ ವೇಷದೊಳಗೆ ನಿಲ್ಲಿಸಬಾರದಿತ್ತು. ಆದರೆ ಹಲಗೆಯ ಆಚೆ ಒಂದು ಮಗು ನಿಂತಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಡೆನೀಸ್ ಒಂದು ತಿಂಗಳು ಬಿಟ್ಟು ನನ್ನನ್ನು ಹುಡುಕಿಕೊಂಡು, ಈಗ ನಾನು ಕೂರುವ ಟಿಕೆಟ್ ಕಿಟಕಿಯ ಬಳಿ ಬಂದರು.

‘ಅವನು ಸತ್ತು ಹೋದ ಅಂತಾಳೆ ನನ್ ಮಗಳು’ ಅಂದರು. ‘ತಾನು ಜೋರಾಗಿ ಕೂಗಿದ್ದಕ್ಕೇ ಸತ್ತ ಅಂತೆ. ಮಿಸ್ ಲೊರೆಟ್ಟಾನೇ ಹೇಳಿದ್ರು ಸತ್ತೋದ ಅಂತ, ಅಂತಾಳೆ.’

‘ಅದು ಆಟದ ಮಾತು’ ಅಂದೆ.

‘ನಂಗೊತ್ತಿಲ್ವಾ? ವೇಷದೊಳಗೆ ಮನುಷ್ಯರಿರ್ತಾರೆ, ಆ ಅಕ್ಕನಿಗೆ ಹುಷಾರಿರಲಿಲ್ಲ, ಈಗ ಸರಿಹೋಗಿದ್ದಾರೆ ಅಂತ ಎಲ್ಲಾ ಬಿಡಿಸಿ ಹೇಳಿದೆ. ಅದಕ್ಕೇನಂದ್ಲು ಗೊತ್ತಾ? “ನಂಗೊತ್ತು ಮಮ್ಮಿ, ಒಳಗೆ ಯಾರೋ ಇರ್ತಾರೆ. ಅವರು ಹುಷಾರಾದ್ರಲ್ಲ, ಒಳ್ಳೇದಾಯ್ತು. ಆದ್ರೆ ಬ್ಯಾಸ್ಕಮ್ ಎಲ್ಲಿ?” ಇದಕ್ಕೆ ನಾನೇನು ಹೇಳ್ಲಿ, ನೀವೇ ಹೇಳಿ.’

ಡೆನೀಸ್ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುವಾಗ ಹೇಳಿದರು: ‘ಶಾಲೇಲಿ ಪಿಸುಗುಡ್ತಾಳಂತೆ. ಟೀಚರು ಕರೆಸಿದ್ರು, ಮೊದಲು ಹೀಗಿರಲಿಲ್ಲವಲ್ಲ, ಮನೇಲಿ ಏನಾದ್ರೂ ನಡೀತಿದ್ಯಾ ಅಂತ ನನ್ನನ್ನೇ ಅನುಮಾನದಿಂದ ನೋಡಿದ್ರು. ಆಟದ ಮೈದಾನದಲ್ಲೂ ಕೂಗಲ್ಲ. ಯಾರಾದ್ರೂ ಬಿದ್ದುಬಿಟ್ರೆ ಅಂತ ಭಯ.’

ತಮ್ಮ ಕಚೇರಿಗೆ ಫೋನ್ ಮಾಡಿದೆ. ಆ ಕಡೆಯ ಮನುಷ್ಯ ತುಂಬ ಸಭ್ಯ. ‘ಮಗು ಅಲ್ವಾ ಮೇಡಂ, ಮರೆತುಬಿಡುತ್ತೆ’ ಅಂದರು. ‘ಮರೆಯೋ ಮಗುವಾಗಿದ್ರೆ ನಿಮಗ್ಯಾಕೆ ಫೋನ್ ಮಾಡ್ತಿದ್ದೆ?’ ಅಂದೆ. ಮರುವಾರ ಆ ಮನೆಗೆ ಉದ್ಯಾನದ ವತಿಯಿಂದ ಬ್ಯಾಸ್ಕಮ್‌ನ ಗೊಂಬೆಯೊಂದು ಅಂಚೆಯಲ್ಲಿ ಹೋಯಿತು. ದಯಾಳುಗಳು. ಕೋರಲೀ ಅದನ್ನು ದಿಂಬಿನ ಪಕ್ಕ ಗೋಡೆಗೆ ಒರಗಿಸಿ ಕೂರಿಸಿದ್ದಾಳೆ. ಮಲಗಿಸಲು ಯಾರಿಗೂ ಬಿಡುವುದಿಲ್ಲವಂತೆ.

ಇಂಥ ಮನೆಯ ಮಗು ಥ್ಯಾಂಕ್ಸ್‌ಗಿವಿಂಗ್ ವಾರ ತಾಯಿಯ ಕೈ ಹಿಡಿದು ತಮ್ಮ ಹೆಬ್ಬಾಗಿಲಿಗೆ ಬಂದರೆ ಏನು ಕಾಣುತ್ತದೆ, ಅಧ್ಯಕ್ಷರೇ? ಗಾಜಿನ ಪೆಟ್ಟಿಗೆ. ಒಳಗೆ ಬ್ಯಾಸ್ಕಮ್, ಅಂಗಾತ, ಮೇಲೆ ದೀಪ. ‘ಪ್ರೀತಿಯ ನೆನಪಿಗೆ.’ ಅಂಗಾಲು ಗಾಜಿನ ಆಚೆ, ಕೈಗೆ ಸಿಗುವುದಿಲ್ಲ. ತಮ್ಮ ಸಭೆಯಲ್ಲಿ ಇದನ್ನು ‘ಅವನ ಪ್ರಸಿದ್ಧ ಭಂಗಿ’ ಎಂದರಂತೆ. ಅವನು ಪ್ರಸಿದ್ಧನಾದದ್ದು ಬಿದ್ದಿದ್ದಕ್ಕಲ್ಲ. ಬೀಳುವುದು ಅರ್ಧ ಆಟ ಮಾತ್ರ, ಏಳುವುದು ಉಳಿದರ್ಧ. ಅಷ್ಟು ಮಂದಿ ಕೂತ ಮೇಜಿನಲ್ಲಿ ಅದನ್ನು ಹೇಳಲು ಒಬ್ಬರಿಗೂ ತೋಚಲಿಲ್ಲವೇ? ಅಥವಾ ಅವರಲ್ಲಿ ಒಬ್ಬರೂ ಒಮ್ಮೆಯೂ ಆ ಅಂಗಳದಲ್ಲಿ ನಿಂತು ನೋಡಿರಲಿಲ್ಲವೇ?

ಹಳೆಯ ಕಾರ್ಟೂನುಗಳು ಈಗಿನ ಮಕ್ಕಳಿಗೆ ಬೇಕೋ ಬೇಡವೋ ಎಂದು ಪತ್ರಿಕೆಗಳಲ್ಲಿ ತಾವು ಮತ್ತು ತಮ್ಮ ಪಂಡಿತರು ಚರ್ಚಿಸುತ್ತಿದ್ದೀರಿ. ನನಗೆ ಪಾಂಡಿತ್ಯವಿಲ್ಲ, ಪಕ್ಕದಲ್ಲಿ ನಿಂತು ನೋಡಿದ್ದಷ್ಟೇ ಇದೆ. ಐದು ವರ್ಷದ ಮಗು ಬೆಳಗಿನಿಂದ ಸಂಜೆಯವರೆಗೆ ಎಲ್ಲರ ಮಾತು ಕೇಳಬೇಕು. ಎದ್ದೇಳು, ತಿನ್ನು, ಸುಮ್ಮನಿರು, ಬೆಲ್ಟ್ ಹಾಕಿಕೋ. ಅದರ ದನಿಗೆ ಜಗತ್ತಿನಲ್ಲಿ ಯಾರೂ ಬೀಳುವುದಿಲ್ಲ, ಯಾರೂ ಏಳುವುದಿಲ್ಲ. ನಮ್ಮ ಅಂಗಳದಲ್ಲಿ ತನ್ನ ಎರಡರಷ್ಟು ಎತ್ತರದವನು ತನ್ನ ಒಂದೇ ಕೂಗಿಗೆ ಬೀಳುತ್ತಾನೆ. ಅಯ್ಯೋ, ಹೆಚ್ಚಾಯಿತೇನೋ ಎಂದು ತಾನೇ ಮಂಡಿಯೂರಿ ಅವನನ್ನು ಎಬ್ಬಿಸುತ್ತದೆ. ನೋಯಿಸಿದ್ದನ್ನು ಸರಿಪಡಿಸಬಹುದು ಎಂದು ಅದಕ್ಕೆ ಗೊತ್ತಾಗುವುದು ಅಲ್ಲಿ. ಇದಕ್ಕೆ ಕಾರ್ಟೂನ್ ನೋಡಿರಬೇಕಾಗಿಲ್ಲ. ಆ ಕನ್ನಡಕದ ಚಿತ್ರಮಂದಿರದಲ್ಲಿ ಮಗು ಹೆದರಬಹುದು, ಕಿರುಚಬಹುದು, ನಗಬಹುದು, ಯಾರನ್ನೂ ಎಬ್ಬಿಸಲಾರದು. ಕೋರಲೀಗೆ ನಾವು ಆಟದ ಮೊದಲರ್ಧ ಮಾತ್ರ ಕೊಟ್ಟು ಮನೆಗೆ ಕಳಿಸಿದ್ದೇವೆ. ಬೀಳಿಸಿದೆ, ಎಬ್ಬಿಸಲಾಗಲಿಲ್ಲ ಎಂಬ ಭಾರ ಹೊತ್ತು ಅದು ಶಾಲೆಗೆ ಹೋಗುತ್ತಿದೆ. ಆ ಭಾರ ನನ್ನದು. ಐದು ವರ್ಷದ ಹೆಗಲ ಮೇಲೆ ಅದನ್ನು ಇಟ್ಟವಳು ನಾನು.

ಯಡೀರಾಳನ್ನು ನೋಡಲು ನಾನು ಬಹಳ ದಿನ ಹೋಗಲಿಲ್ಲ, ಮುಖವಿರಲಿಲ್ಲ. ಕೊನೆಗೆ ಹೋದೆ. ಅವಳೀಗ ಕಿಸಿಮ್ಮಿ ಊರಿನಲ್ಲಿ ಅಕ್ಕನ ಬೇಕರಿಯಲ್ಲಿದ್ದಾಳೆ, ತೆಳ್ಳಗಾಗಿದ್ದಾಳೆ. ‘ಕಿವಿ ಎಳೆದದ್ದು ನೋಡಿದ್ದೆ’ ಅಂದೆ.

‘ಗೊತ್ತು ಮಿಸ್ ಲೊರೆಟ್ಟಾ. ಬ್ಯಾಸ್ಕಮ್‌ನ ಬಾಯಿಂದ ನಿಮ್ಮ ಮುಖ ಕಾಣ್ತಿತ್ತು. ನಾವು ನೋಡೋದೇ ಆ ಬಾಯಿಂದ ಅಲ್ವಾ’ ಅಂದಳು. ಒಲೆಯ ಕಡೆ ತಿರುಗಿ ಬ್ರೆಡ್ಡಿನ ತಟ್ಟೆ ಹೊರಗೆಳೆದಳು. ‘ಕ್ಷಮಿಸಿದೀನಿ ಅಂತ ಹೇಳಲ್ಲ. ಇನ್ನೂ ಆಗಿಲ್ಲ ನಂಗೆ.’

ಕೋರಲೀಯ ವಿಷಯ ಹೇಳಿದೆ. ಅವಳು ಕೈಯ ಹಿಟ್ಟು ಒರೆಸಿಕೊಂಡಳು. ಆಮೇಲೆ ಅಂದಳು: ‘ಬೇರೆ ಯಾರನ್ನೂ ಒಳಗೆ ಹಾಕ್ಬೇಡಿ. ಬೇರೆಯವರು ಬಿದ್ರೆ ಆ ಹುಡುಗಿಗೆ ಗೊತ್ತಾಗುತ್ತೆ. ಬಿದ್ದೋಳು ನಾನು, ಏಳೋಳೂ ನಾನೇ. ಒಂದು ಸಲ. ಬೆಳಿಗ್ಗೆ, ತಂಪಲ್ಲಿ. ಆದ್ರೆ ಈ ಸಲ ಕಿವಿ ಎಳೆದ್ರೆ ನೋಡ್ತೀರಲ್ಲ?’

ನಾನು ನೋಡುತ್ತೇನೆ ಅಂದೆ. ನನ್ನನ್ನು ನಂಬಬೇಕಾದ ಅಗತ್ಯ ಅವಳಿಗಿರಲಿಲ್ಲ, ಆದರೂ ನಂಬಿದಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ವೇಷ ತಮ್ಮ ಸ್ವತ್ತು, ಬೀಗದ ಕೈ ತಮ್ಮಲ್ಲಿದೆ. ಪೆಟ್ಟಿಗೆಗೆ ಹಾಕುವ ಮೊದಲು ಒಂದು ತಂಪಾದ ಬೆಳಿಗ್ಗೆ, ಬಾಗಿಲು ತೆರೆಯುವ ಮುನ್ನ, ಅಂಗಳದ ಹಲಗೆ ತೆಗೆಸಿ, ಕೋರಲೀಯ ಎದುರು ಯಡೀರಾ ಒಮ್ಮೆ ಬಿದ್ದು ಏಳಲಿ. ವೈದ್ಯರನ್ನು ಕರೆಸಿ, ಫ್ಯಾನ್ ಇಡಿಸಿ, ಬೇಕಾದರೆ ವಕೀಲರನ್ನೂ ಕೂರಿಸಿ. ತಾವೂ ಬನ್ನಿ, ಒಮ್ಮೆಯಾದರೂ ನೋಡಿದಂತಾಗುತ್ತದೆ. ಪಕ್ಕದಲ್ಲಿ ನಿಲ್ಲಲು ನನಗೆ ಅಪ್ಪಣೆ ಕೊಡಿ. ಕೊಡದಿದ್ದರೆ ಕಣ್ಣಿರುವ ಇನ್ನಾರನ್ನಾದರೂ ನಿಲ್ಲಿಸಿ. ಅದಾದ ಮೇಲೆ ಅಂಗಳ ಮುಚ್ಚುವುದಿದ್ದರೆ ಮುಚ್ಚಿ, ನಾನು ತಕರಾರು ಮಾಡುವುದಿಲ್ಲ. ಗಾಜಿನೊಳಗೆ ಇಡಲೇಬೇಕೆಂದರೆ ಎದ್ದು ಕೂತವನನ್ನು ಇಡಿ, ಅಪ್ಪಿಕೊಳ್ಳಲು ಕೈ ಚಾಚಿದವನನ್ನು.

ತಡ ಮಾಡಬೇಡಿ, ಯಾಕೆಂದರೆ ನಿನ್ನೆ ಡೆನೀಸ್ ಫೋನ್ ಮಾಡಿದ್ದರು. ಫೋನನ್ನು ಮಗಳ ಕೈಗೆ ಕೊಟ್ಟರು. ನಾನು ಹಲೋ ಅಂದೆ. ಆ ಕಡೆಯಿಂದ ದನಿ ಎಷ್ಟು ಸಣ್ಣಗಿತ್ತೆಂದರೆ ಟೀವಿ ಆರಿಸಿ ಕೇಳಬೇಕಾಯಿತು.

‘ಮಿಸ್ ಲೊರೆಟ್ಟಾ, ಬ್ಯಾಸ್ಕಮ್‌ಗೆ ಹೇಳ್ತೀರಾ? ನಾನು ಬೂ ಅನ್ನಲ್ಲ. ಮೆಲ್ಲಗೆ ಹಲೋ ಅಂತೀನಿ ಅಷ್ಟೇ. ಆಗ ಬರ್ತಾನಾ?’

ಇಂತಿ,
ಎರಡು ಸಲ ಕಿವಿ ಎಳೆದದ್ದನ್ನು ನೋಡಿ ನಕ್ಕವಳು,
ಲೊರೆಟ್ಟಾ ಹ್ಯಾಸ್ಕಿನ್ಸ್
ಬ್ಯಾಸ್ಕಮ್‌ನ ಪಕ್ಕದವಳು